ಹರಾಜಿನ ಮೇಜಿನ ಮೇಲೆ ಉಳಿ, ಹತ್ತರಿ



ಆಯುಧಪೂಜೆಯ ದಿನ ನಾವು ಎಲ್ಲಿಯೇ ನೆಲೆಸಿರಲಿ, ಮನೆಯ ಸುತ್ತಿಗೆ, ಇಕ್ಕಳಗಳಿಗೂ ಕುಂಕುಮವಿಟ್ಟು ಕೈಮುಗಿಯುತ್ತೇವೆ. ಇಂಗ್ಲೆಂಡು, ಅಮೆರಿಕಗಳಲ್ಲಿ ಇಂತಹ ಕೈ ಉಪಕರಣಗಳೇ ಹಳತಾದ ಮೇಲೆ ಹರಾಜಿನ ಮೇಜಿಗೆ ಬರುತ್ತವೆ. ಸಂಗ್ರಾಹಕರು ಪೈಪೋಟಿಯಿಂದ ಕೊಳ್ಳುತ್ತಾರೆ. ಆ ಹರಾಜಿನ ರೀತಿಯನ್ನೂ, ಅಲ್ಲಿ ಬೆಲೆ ಕಟ್ಟುವ ಕ್ರಮವನ್ನೂ ಇಂದು ತಮ್ಮ ಮುಂದಿಡಬಯಸುತ್ತೇನೆ. ಅದರಲ್ಲಿ ನಾವು ಕಲಿಯಬೇಕಾದುದೂ ಇದೆ, ಒಪ್ಪಲಾಗದುದೂ ಇದೆ.

ಯಂತ್ರಗಳು ಬಂದ ಮೇಲೆ ಆ ನಾಡುಗಳಲ್ಲಿ ಬಡಗಿಯ, ಪೀಪಾಯಿ ಕಟ್ಟುವವನ, ಗಾಡಿ ಮಾಡುವವನ ಕೈಗೆಲಸ ಕುಗ್ಗುತ್ತ ಬಂದಿತು. ಮಕ್ಕಳಿಗೆ ಬೇಡವಾದ ಪೆಟ್ಟಿಗೆಗಳು ಮಾರಾಟಕ್ಕೆ ಬಂದವು. ಜೊತೆಗೆ ಅವುಗಳನ್ನು ಚರಿತ್ರೆಯ ಸಾಕ್ಷಿಯೆಂದು ಕಾಣುವ ಸಂಘಗಳೂ ಹುಟ್ಟಿದವು. ಅಮೆರಿಕದ ಅರ್ಲಿ ಅಮೆರಿಕನ್ ಇಂಡಸ್ಟ್ರೀಸ್ ಅಸೋಸಿಯೇಷನ್ 1933ರದು. ಬ್ರಿಟನ್ನಿನ ಟೂಲ್ಸ್ ಅಂಡ್ ಟ್ರೇಡ್ಸ್ ಹಿಸ್ಟರಿ ಸೊಸೈಟಿ 1983ರದು.

ಇಂತಹ ಹರಾಜಿನಲ್ಲಿ ಕೊಳ್ಳುವವನ ಮೊದಲ ಕೆಲಸ ಕೂಗುವುದಲ್ಲ, ನೋಡುವುದು. ಹರಾಜಿಗೆ ಮುಂಚೆ ವಸ್ತುಗಳನ್ನು ಕೈಗೆತ್ತಿಕೊಂಡು ಪರೀಕ್ಷಿಸಲು ಅವಕಾಶವಿರುತ್ತದೆ. ಆಗಲೇ ತನ್ನ ಗರಿಷ್ಠ ಬೆಲೆಯನ್ನು ಬರೆದಿಟ್ಟುಕೊಳ್ಳಬೇಕು. ಕೊಡತಿ ಬಿದ್ದ ಬೆಲೆಯೇ ಕೊನೆಯ ಬೆಲೆಯಲ್ಲ. ಬ್ರಿಟನ್ನಿನಲ್ಲಿ 100 ಪೌಂಡಿಗೆ ಕೂಗು ನಿಂತಿತೆನ್ನಿ. ಹರಾಜುದಾರರ ಶುಲ್ಕ ಶೇಕಡಾ 20 ಇದ್ದರೆ ಅದು 20 ಪೌಂಡು, ಆ ಶುಲ್ಕದ ಮೇಲಿನ ತೆರಿಗೆ ಶೇಕಡಾ 20ರಂತೆ ಮತ್ತೆ 4 ಪೌಂಡು. ತೆರಬೇಕಾದುದು 124 ಪೌಂಡು. ಈ ಲೆಕ್ಕ ಮರೆತವನು ಕೂಗಿನ ಕಾವಿನಲ್ಲಿ ಕೈ ಸುಟ್ಟುಕೊಳ್ಳುತ್ತಾನೆ.

ಇನ್ನೊಂದು ಪಿಡುಗು ವ್ಯಾಪಾರಿಗಳ ಕೂಟ. ಪರಸ್ಪರ ಮೇಲೆ ಕೂಗುವುದಿಲ್ಲವೆಂದು ಒಳಗೊಳಗೇ ಮಾತಾಡಿಕೊಂಡು, ಅಗ್ಗಕ್ಕೆ ಕೊಂಡು, ಬಳಿಕ ತಮ್ಮಲ್ಲೇ ಗುಟ್ಟಾಗಿ ಹರಾಜು ಮಾಡಿ ಲಾಭ ಹಂಚಿಕೊಳ್ಳುವ ಪದ್ಧತಿಯಿದು. ವ್ಯಾಪಾರಿಗಳ ಇಂತಹ ಒಳಒಪ್ಪಂದವನ್ನು ಬ್ರಿಟನ್ 1927ರ ಕಾಯಿದೆಯ ಮೂಲಕ ಅಪರಾಧವೆಂದು ಸಾರಿತು. ನಮ್ಮ ಕೃಷಿ ಮಾರುಕಟ್ಟೆಯ ಅಂಗಳವನ್ನು ಕಂಡ ರೈತನಿಗೆ ಈ ತಂತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪರೀಕ್ಷೆಗೆ ಒಂದು ಉದಾಹರಣೆ ಕೊಡುತ್ತೇನೆ. ಮರ ಕೀಸುವ ಹತ್ತರಿಗಳಲ್ಲಿ ಅಮೆರಿಕದ ಸ್ಟ್ಯಾನ್ಲಿ ಸಂಸ್ಥೆಯವು ಹೆಸರಾದವು. ಅಲಗಿನ ಹಿಂದೆ, ಎರಕದ ತಳದ ಮೇಲೆ, 1902ರ ಎರಡು ಹಾಗೂ 1910ರ ಒಂದು, ಹೀಗೆ ಮೂರು ಪೇಟೆಂಟ್ ದಿನಾಂಕಗಳಿದ್ದರೆ ಆ ತಳ 1910ರ ಬಳಿಕದ್ದು. ಆದರೆ ಅಲಗಿನ ಮೇಲೆ ಹೃದಯಾಕಾರದ ಮುದ್ರೆಯಿದ್ದರೆ ಅದು 1920ರ ಸುಮಾರಿಗೆ ಬಂದ ಗುರುತು. ಅಲಗು ಬದಲಾಗಿರಲೂಬಹುದು. ದುಡಿಯುವವನಿಗೆ ಇದು ದೋಷವಲ್ಲ, ಸಂಗ್ರಾಹಕನಿಗೆ ದೋಷ. ಬಾಯಿಯ ಬಳಿ ಎರಕ ಬಿರಿದಿದೆಯೆ, ಅಲಗಿನ ತುದಿಯಲ್ಲಿ ತುಕ್ಕು ಕುಳಿ ತೋಡಿದೆಯೆ ಎಂಬುದನ್ನು ಮಾತ್ರ ಇಬ್ಬರೂ ನೋಡಲೇಬೇಕು. ದಂತ ಕೂಡಿಸಿದ ವಸ್ತುವಾದರೆ ಕಾನೂನನ್ನೂ ತಿಳಿದಿರಬೇಕು. ಬ್ರಿಟನ್ನಿನ 2018ರ ದಂತ ಕಾಯಿದೆ 2022ರಲ್ಲಿ ಜಾರಿಗೆ ಬಂದ ಮೇಲೆ, ಕೆಲವು ವಿನಾಯಿತಿಗಳ ಹೊರತು ಅಂತಹ ವ್ಯವಹಾರ ನಿಷಿದ್ಧ.

ಇನ್ನು ಬೆಲೆಯ ಮಾತು. ಸ್ಟ್ಯಾನ್ಲಿಯ ಒಂದನೆಯ ಸಂಖ್ಯೆಯ ಹತ್ತರಿಯ ಉದ್ದ ಐದೂವರೆ ಅಂಗುಲ. ಬೇರೆ ಹತ್ತರಿಗಳಂತೆ ಎರಡು ಕೈಯಿಂದ ಹಿಡಿದು ದೂಡಲು ಅದರಲ್ಲಿ ಜಾಗವೇ ಸಾಲದು. ವಿರಳವೆಂಬ ಕಾರಣಕ್ಕೆ ಅದು ಸಾವಿರಕ್ಕೂ ಹೆಚ್ಚು ಡಾಲರುಗಳಿಗೆ ಮಾರಾಟವಾಗಿದೆ. ನಿತ್ಯದ ಕೆಲಸಕ್ಕೆ ಒದಗುವ ನಾಲ್ಕನೆಯ ಸಂಖ್ಯೆಯದು ಅದರ ಸಣ್ಣದೊಂದು ಪಾಲಿಗೆ ಸಿಗುತ್ತದೆ. ಇಂಗ್ಲೆಂಡಿನ ರಾಚೆಸ್ಟರ್ ನಗರದ ಗಿಲ್ಡ್‌ಹಾಲ್ ವಸ್ತುಸಂಗ್ರಹಾಲಯದಲ್ಲಿ ಬೆಂಜಮಿನ್ ಸೀಟನ್ ಎಂಬವನ ಪೆಟ್ಟಿಗೆಯಿದೆ. 1796ರಲ್ಲಿ ತಂದೆ ಉಪಕರಣಗಳನ್ನು ಕೊಡಿಸಿದ. ಮಗ 1797ರಲ್ಲಿ ಪೆಟ್ಟಿಗೆ ಮಾಡಿದ. ಬೆಲೆಪಟ್ಟಿಯೊಡನೆ ಸುಮಾರು ಇನ್ನೂರು ಉಪಕರಣಗಳು ಉಳಿದಿವೆ. ಅವು ಇಷ್ಟು ಚೆನ್ನಾಗಿ ಉಳಿದಿರುವುದು ಅಷ್ಟಾಗಿ ಬಳಕೆಯಾಗದ ಕಾರಣದಿಂದಲೇ. ದುಡಿದು ಸವೆದದ್ದು ಅಗ್ಗ, ದುಡಿಯದೆ ಉಳಿದದ್ದು ದುಬಾರಿ. ಇದನ್ನು ಮಾರುಕಟ್ಟೆಯ ನ್ಯಾಯವೆಂದು ಅರಿತುಕೊಳ್ಳಬಹುದು, ನಮ್ಮ ಮೌಲ್ಯವೆಂದು ಒಪ್ಪಬೇಕಾಗಿಲ್ಲ.

ಒಪ್ಪದ ಜನ ಅಲ್ಲಿಯೂ ಇದ್ದಾರೆ. 1979ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಟೂಲ್ಸ್ ಫಾರ್ ಸೆಲ್ಫ್ ರಿಲಯನ್ಸ್ ಸಂಸ್ಥೆ, ಜನರು ಕೊಟ್ಟ ಹಳೆಯ ಉಪಕರಣಗಳನ್ನು ಸ್ವಯಂಸೇವಕರಿಂದ ಸರಿಪಡಿಸಿ ಆಫ್ರಿಕದ ಕಸುಬುದಾರರಿಗೆ ತಲುಪಿಸುವ ಕೆಲಸ ಕೈಗೊಂಡಿತು. ಗಾಜಿನ ಕಪಾಟಿಗಿಂತ ಇನ್ನೊಂದು ಕೈಯೇ ಉಳಿಗೆ ತಕ್ಕ ಜಾಗವೆಂದು ಅವರು ನಂಬಿದರು.

ಆದರೆ ಸಂಗ್ರಾಹಕರನ್ನು ಹಳಿದು ಸುಮ್ಮನಾಗುವಂತಿಲ್ಲ. ಅಲ್ಲಿನ ಮರದ ಹತ್ತರಿಯ ಮುಂಭಾಗದಲ್ಲಿ ತಯಾರಕನ ಮುದ್ರೆಯಿರುತ್ತದೆ. ಅದರ ಅಕ್ಕಪಕ್ಕದಲ್ಲಿ ಬಳಸಿದವರ ಹೆಸರುಗಳು, ಕೆಲವೊಮ್ಮೆ ಮೂರು ತಲೆಮಾರಿನವು. ಡಬ್ಲ್ಯೂ. ಎಲ್. ಗುಡ್‌ಮನ್ 1968ರಲ್ಲಿ 1700ರಿಂದೀಚೆಗಿನ ಬ್ರಿಟಿಷ್ ಹತ್ತರಿ ತಯಾರಕರ ಪಟ್ಟಿಯನ್ನೇ ಪುಸ್ತಕವಾಗಿ ಕೊಟ್ಟರು. ಹೀಗೆ ಸಾಮಾನ್ಯ ಕೆಲಸಗಾರನಿಗೂ ಚರಿತ್ರೆಯಲ್ಲಿ ಒಂದು ಸಾಲು ದೊರೆಯಿತು.

ನಮ್ಮ ಬಡಗಿಗೆ ಆ ಸಾಲು ದೊರೆಯಲಿಲ್ಲ. ಅವನ ಬಾಚಿಯನ್ನೂ ಉಳಿಯನ್ನೂ ಊರಿನ ಕಮ್ಮಾರ ತಟ್ಟಿಕೊಟ್ಟ. ಹಿಡಿಯನ್ನು ತಾನೇ ಕೆತ್ತಿಕೊಂಡ. ಅವುಗಳ ಮೇಲೆ ಮುದ್ರೆಯಿಲ್ಲ, ಹೆಸರಿಲ್ಲ. ಹೆಸರಿಲ್ಲದ ವಸ್ತು ಹರಾಜಿಗೂ ಹೋಗುವುದಿಲ್ಲ. ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ. ದುಡಿಮೆ ಅರಸಿ ಊರು ಬಿಟ್ಟು ಬಂದ ನಮ್ಮಂಥವರ ಹಳೆಯ ಮನೆಗಳ ಅಟ್ಟದಲ್ಲಿ ಅಂತಹ ಸಾಮಾನು ಇನ್ನೂ ಇದ್ದೀತು. ಮನೆ ಮಾರುವ ದಿನ ಅದನ್ನು ತೂಕಕ್ಕೆ ಹಾಕುವವರೂ ನಾವೇ.

ಆದುದರಿಂದ ಸಂಘದ ಮುಂದೆ ನನ್ನದೊಂದು ವಿನಂತಿ. ಮುಂದಿನ ಆಯುಧಪೂಜೆಗೆ ಪ್ರತಿ ಮನೆಯವರೂ ಹಿರಿಯರ ಒಂದು ಉಪಕರಣವನ್ನು ಇಲ್ಲಿಗೆ ತನ್ನಿ. ಅದಕ್ಕೆ ನಿಮ್ಮ ಸೀಮೆಯಲ್ಲಿ ಏನೆನ್ನುತ್ತಾರೆ, ಯಾರು ಮಾಡಿದರು, ಯಾರು ಬಳಸಿದರು, ಯಾವ ಊರಿನದು ಎಂಬುದನ್ನು ಚೀಟಿಯಲ್ಲಿ ಬರೆದು ಕಟ್ಟಿ. ಉಜ್ಜಿ ಹೊಳಪಿಸಬೇಡಿ, ಕೈಯ ಸವೆತ ಹಾಗೆಯೇ ಇರಲಿ. ಪೂಜೆಯ ಬಳಿಕ ಆ ಚೀಟಿಗಳನ್ನೆಲ್ಲ ನಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕೋಣ.