"ಟಿ.ಸಿ. ಕೊಟ್ಟು ಕಳಿಸಿಬಿಡ್ತೀನಿ!"



"ಮಾತು ಕೇಳದಿದ್ರೆ ಟಿ.ಸಿ. ಕೊಟ್ಟು ಕಳಿಸಿಬಿಡ್ತೀನಿ!" ಮೇಷ್ಟ್ರ ಬಾಯಲ್ಲಿ ಈ ಮಾತು ಕೇಳದೆ ಓದು ಮುಗಿಸಿದವರು ಇಲ್ಲಿದ್ದರೆ ಕೈ ಎತ್ತಿ. ಹಾಂ, ಅಂದುಕೊಂಡಿದ್ದೇ ಆಯಿತು.

ನೆದರ್‌ಲ್ಯಾಂಡ್ಸಿಗೆ ಬಂದಮೇಲೆ ಬೆದರಿಕೆ ಉಲ್ಟಾ ಆಗಿದೆ. ಟಿಕೆಟ್ ಅಗ್ಗ ಅಂತ ರಜೆಗೆ ನಾಲ್ಕು ದಿನ ಮೊದಲೇ ಮಕ್ಕಳನ್ನು ಕರಕೊಂಡು ಬೆಂಗಳೂರಿಗೆ ಹಾರಿದರೆ ಅಪ್ಪ-ಅಮ್ಮನಿಗೆ ದಂಡ ಬೀಳಬಹುದು. 1969ರ ಕಡ್ಡಾಯ ಶಿಕ್ಷಣ ಕಾಯಿದೆಯ ಪ್ರಕಾರ 5 ವರ್ಷ ತುಂಬಿದ ಮಗು ಶಾಲೆಯಲ್ಲೇ ಇರಬೇಕು. ಇದನ್ನು ಬಯ್ಯದ ಕನ್ನಡಿಗನನ್ನು ನಾನಂತೂ ನೋಡಿಲ್ಲ! ಆದರೆ ಕಟ್ಟು ನಮಗೊಬ್ಬರಿಗೇ ಅಲ್ಲ, ಶಾಲೆಗೂ ಇದೆ. ತುಂಟತನ ಮಾಡಿದ ಹುಡುಗನನ್ನು ಒಂದು ವಾರಕ್ಕಿಂತ ಹೆಚ್ಚು ಅಮಾನತು ಮಾಡುವಂತಿಲ್ಲ. ಕಾರಣವನ್ನು ಪೋಷಕರಿಗೆ ಬರೆದು ತಿಳಿಸಬೇಕು. ಒಂದು ದಿನ ದಾಟಿದರೆ ಶಿಕ್ಷಣ ತಪಾಸಣಾ ಇಲಾಖೆಗೂ ಹೇಳಬೇಕು. ಪೂರ್ತಿ ಹೊರಗೆ ಹಾಕಬೇಕೆಂದರೆ, ಅವನನ್ನು ಸೇರಿಸಿಕೊಳ್ಳಲು ಒಪ್ಪುವ ಇನ್ನೊಂದು ಶಾಲೆಯನ್ನು ಈ ಶಾಲೆಯೇ ಹುಡುಕಬೇಕು. ಅಲ್ಲಿಯವರೆಗೆ ಅವನು ಇವರದೇ ಹುಡುಗ. ನನಗೆ ಬಹಳ ಹಿಡಿಸಿದ್ದು ಇದು. ತಂಟೆಯ ಮಗುವನ್ನು ದಬ್ಬಿಬಿಡುವುದು ಸುಲಭದ ದಾರಿಯಲ್ಲ ಎಂದಾದಾಗ, ಕೂತು ಮಾತಾಡುವುದೇ ಸುಲಭ ಅನ್ನಿಸುತ್ತದೆ. ಪ್ರಾಥಮಿಕ ಶಾಲೆಗಳಲ್ಲಿ ಇದಕ್ಕೆಂದೇ ಒಬ್ಬ ಮಾರ್ಗದರ್ಶಕ ಶಿಕ್ಷಕರಿರುತ್ತಾರೆ. ಮಗು ಯಾಕೆ ಹಾಗೆ ಆಡುತ್ತಿದೆ, ಓದಲು ಕಷ್ಟವೇ, ಮನೆಯಲ್ಲಿ ತೊಂದರೆಯೇ ಅಂತ ಪೋಷಕರ ಜೊತೆ ಕೂತು ನೋಡುತ್ತಾರೆ. ನಮ್ಮ ವೃತ್ತಿಯ ಮಾತಲ್ಲಿ ಹೇಳೋದಾದ್ರೆ, ಬಗ್ ಸಿಕ್ಕ ಕೂಡಲೇ ಪ್ರಾಜೆಕ್ಟನ್ನೇ ಡಿಲೀಟ್ ಮಾಡೋರು ಯಾರು ಸ್ವಾಮಿ?

ಇಲ್ಲಿ ಎಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ. ಪ್ರತಿ ಮಗುವಿಗೂ ತಕ್ಕ ಜಾಗ ಹುಡುಕುವ ಹೊಣೆ 2014ರಿಂದ ಶಾಲೆಗಳ ಮೇಲಿದ್ದರೂ, ಎಲ್ಲೂ ಹೊಂದದೆ ಮನೆಯಲ್ಲೇ ಕೂತಿರುವ ಮಕ್ಕಳು ಈ ಪುಟ್ಟ ದೇಶದಲ್ಲೂ ಸಾವಿರಾರು.

ಈಗ ನಮ್ಮ ನಾಡಿಗೆ ಬರೋಣ. ನಮ್ಮಲ್ಲಿ ಕಾನೂನೇ ಇಲ್ಲ ಅಂದುಕೊಂಡಿದ್ದರೆ ತಪ್ಪು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 17ನೇ ಸೆಕ್ಷನ್ ಹೊಡೆತವನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಗೆ ಹಾಕುವಂತಿಲ್ಲ. 2019ರಲ್ಲಿ ಫೇಲ್ ಮಾಡುವ ವಿಷಯದಲ್ಲಿ ತಿದ್ದುಪಡಿ ಬಂತು, ಆದರೆ ಹೊರಹಾಕಬಾರದೆಂಬ ಮಾತು ಹಾಗೇ ಉಳಿದಿದೆ. ಅಂದರೆ ಆ ಟಿ.ಸಿ. ಬೆದರಿಕೆ ಕಾನೂನಿನ ಪ್ರಕಾರ ಬರೀ ಓಳು!

ಆದರೂ 2023ರ ಡಿಸೆಂಬರ್‌ನಲ್ಲಿ ಏನಾಯಿತು? ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಯಲುವಹಳ್ಳಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಶುಚಿ ಮಾಡಿಸಿದರು. ಬೆನ್ನಿಗೆ ಚೀಲ ಹೇರಿ, ಕೈ ಮೇಲೆತ್ತಿಸಿ ಮಂಡಿಯೂರಿಸಿದ ಶಿಕ್ಷೆಯ ಸುದ್ದಿಯೂ ಬಂತು. ವಿಡಿಯೋ ಹೊರಬಿದ್ದ ಮೇಲೆ ಅಮಾನತು, ಬಂಧನ ಎಲ್ಲ ನಡೆಯಿತು. ಬಡವರ ಮಕ್ಕಳಿಗಾಗಿಯೇ ಸರ್ಕಾರ ನಡೆಸುವ ಶಾಲೆ ಅದು. ಅಲ್ಲಿ 'ಶಿಸ್ತು' ಯಾರ ಮಕ್ಕಳ ಮೇಲೆ ಬೀಳುತ್ತದೆ ನೋಡಿ! ವಿಡಿಯೋ ಬಾರದಿದ್ದರೆ? ಆ ಮಕ್ಕಳು ಯಾರಿಗೆ ದೂರು ಹೇಳಬೇಕಿತ್ತು? ನನ್ನ ಸಿಟ್ಟಿರುವುದು ಅಲ್ಲಿ. (ಕನ್ನಡ ಮಾತಾಡಿದರೆ ದಂಡ ಹಾಕುವ ಇಂಗ್ಲಿಷ್ ಮೀಡಿಯಂ ಶಾಲೆಗಳೂ ಮಾನಸಿಕ ಕಿರುಕುಳದ ಲೆಕ್ಕಕ್ಕೇ ಸೇರಬೇಕು. ಅದು ಇನ್ನೊಂದು ದಿನದ ಭಾಷಣ.)

ಮೇಷ್ಟ್ರುಗಳನ್ನೇ ಬಯ್ದು ಕೂರುವುದು ನ್ಯಾಯವಲ್ಲ. ಒಬ್ಬರೇ ಎರಡು ಮೂರು ತರಗತಿ ನೋಡುತ್ತಾ, ಬಿಸಿಯೂಟದ ಲೆಕ್ಕ ಬರೆಯುತ್ತಾ, ಚುನಾವಣೆ ಡ್ಯೂಟಿ ಮಾಡುವವರ ಕೈಗೆ ಕೋಲು ಬಿಟ್ಟರೆ ಬೇರೇನನ್ನು ಕೊಟ್ಟಿದ್ದೇವೆ?

ನಮ್ಮಲ್ಲಿ ಎಷ್ಟೋ ಜನ ಊರಿನ ಶಾಲೆಗೆ ಕಂಪ್ಯೂಟರ್, ಬೆಂಚು ಕೊಡಿಸಿದ್ದೇವೆ. ದಾನಿಗಳ ಮಾತನ್ನು ಹೆಡ್‌ಮಾಸ್ಟರ್ ಕೇಳಿಸಿಕೊಳ್ಳುತ್ತಾರೆ. 2001ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಎಸ್‌ಡಿಎಂಸಿ ಇದೆ. ಶಿಕ್ಷಣ ಹಕ್ಕು ಕಾಯಿದೆ ಪ್ರಕಾರ ಅದರ ಮುಕ್ಕಾಲು ಭಾಗ ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಮುಂದಿನ ಸಲ ದುಡ್ಡು ಕಳಿಸುವಾಗ ಆ ಸಮಿತಿಗೆ ಎರಡು ಕೆಲಸ ಕೇಳಿ: 16 ಮತ್ತು 17ನೇ ಸೆಕ್ಷನ್‌ಗಳನ್ನು ಮಕ್ಕಳಿಗೆ ಅರ್ಥವಾಗುವ ಕನ್ನಡದಲ್ಲಿ, ಪಕ್ಕದಲ್ಲೇ ಮಕ್ಕಳ ಸಹಾಯವಾಣಿ 1098 ಸೇರಿಸಿ, ಗೋಡೆಯ ಮೇಲೆ ಬರೆಸಬೇಕು. ಶಿಕ್ಷೆಯ ದೂರು ಬಂದರೆ ಸಮಿತಿಯ ಸಭೆಯಲ್ಲಿ ಮಗುವಿನ ಮಾತನ್ನೂ ಕೇಳಿ ಪುಸ್ತಕದಲ್ಲಿ ದಾಖಲಿಸಬೇಕು.

ಊಟದ ಹೊತ್ತಿಗೆ ನಾನು ಬಾಗಿಲ ಹತ್ತಿರ ಒಂದು ಹಾಳೆ ಹಿಡಿದು ನಿಂತಿರುತ್ತೇನೆ. ನೀವು ಓದಿದ ಸರ್ಕಾರಿ ಶಾಲೆಯ ಹೆಸರು, ಊರು, ತಾಲ್ಲೂಕು ಬರೆದುಕೊಡಿ. ಮೊದಲ ಫೋನನ್ನು ಈ ತಿಂಗಳೇ ಮಾಡೋಣ.