ಲೇತ್ ಮೇಲೆ ಕ್ರ್ಯಾಂಕ್ ಶಾಫ್ಟ್



ಬೀಸುವ ಕಲ್ಲು ನಮಗೆಲ್ಲ ಗೊತ್ತು. ಅದರ ಗೂಟ ಎಲ್ಲಿರುತ್ತದೆ? ನಡುವೆ ಅಲ್ಲ, ಅಂಚಿಗೆ. ನಮ್ಮ ಕೈ ಹಿಂದೆ ಮುಂದೆ ಹೋಗುತ್ತದೆ. ಕಲ್ಲು ಗುಂಡಗೆ ತಿರುಗುತ್ತದೆ.

ನೀರೆತ್ತುವ ಡೀಸೆಲ್ ಇಂಜಿನ್ನಿನಲ್ಲೂ ಹೀಗೇ. ಒಳಗೆ ಪಿಸ್ಟನ್ ಮೇಲೆ ಕೆಳಗೆ ಆಡುತ್ತದೆ. ಆ ಆಟದಿಂದ ಗುಂಡಗೆ ತಿರುಗುವ ದಂಡವೇ ಕ್ರ್ಯಾಂಕ್ ಶಾಫ್ಟ್. ಅದಕ್ಕೂ ಒಂದು ಗೂಟ ಇದೆ. ಅದಕ್ಕೆ ಕ್ರ್ಯಾಂಕ್ ಪಿನ್ ಅಂತಾರೆ. ಅದೂ ನಡುವೆ ಇಲ್ಲ, ಪಕ್ಕಕ್ಕಿದೆ.

ಈ ಪಿನ್ನನ್ನು ಲೇತ್ ಮೇಲೆ ಕಡೆಯುವುದು ಹೇಗೆ? ಲೇತ್ ನಡುವೆ ಇರುವುದನ್ನು ಮಾತ್ರ ಗುಂಡಗೆ ಕಡೆಯುತ್ತದೆ. ಅದಕ್ಕೆ ಟರ್ನರ್ ಒಂದು ಉಪಾಯ ಮಾಡ್ತಾರೆ. ಇಡೀ ಶಾಫ್ಟನ್ನೇ ಪಕ್ಕಕ್ಕೆ ಸರಿಸಿ ಹಿಡಿಸುತ್ತಾರೆ. ಆಗ ಪಿನ್ ನಡುವಿಗೆ ಬರುತ್ತದೆ. ಎಷ್ಟು ಸರಿಸಬೇಕು? ಪಿಸ್ಟನ್ ಓಡುವ ದೂರದ ಅರ್ಧ. ಪಿಸ್ಟನ್ 110 ಮಿ.ಮೀ. ಓಡಿದರೆ 55 ಮಿ.ಮೀ. ಸರಿಸಬೇಕು.

ಸರಿಸಿದರೆ ಭಾರ ಒಂದೇ ಕಡೆಗಾಗುತ್ತದೆ. ಎದುರು ಬದಿಗೆ ತೂಕ ಕಟ್ಟಬೇಕು. ಲೇತನ್ನು ನಿಧಾನವಾಗಿ ಓಡಿಸಬೇಕು. ಇಲ್ಲದಿದ್ದರೆ ಲೇತ್ ಅದುರುತ್ತದೆ. ಪಿನ್ನಿನ ಬುಡದ ಮೂಲೆಯನ್ನು ದುಂಡಗೆ ಬಿಡಬೇಕು. ಚೂಪು ಮೂಲೆಯಲ್ಲಿ ಬಿರುಕು ಹುಟ್ಟುತ್ತದೆ. ಕೊನೆಗೆ ಗ್ರೈಂಡಿಂಗ್ ಮಷಿನ್ನಿನಲ್ಲಿ ನುಣುಪು ಮಾಡುತ್ತಾರೆ.

ಇಂಥ ಲೇತ್‌ಗಳು ನಮ್ಮ ನಾಡಿನಲ್ಲೇ ಆಗುತ್ತಿದ್ದವು. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ತಯಾರಿಸುತ್ತಿತ್ತು. ಈಗ ಅದು ಮುಚ್ಚಿದೆ.

ಈಗ ನಮ್ಮ ಹೊಲದ ಮಾತಿಗೆ ಬರೋಣ. ವರ್ಷಗಟ್ಟಲೆ ಓಡಿದ ಇಂಜಿನ್ನಿನಲ್ಲಿ ಪಿನ್ ಸವೆಯುತ್ತದೆ. ವರ್ಕ್‌ಶಾಪಿನಲ್ಲಿ ಅದನ್ನು ಗ್ರೈಂಡಿಂಗ್ ಮಾಡಿ ಮತ್ತೆ ಗುಂಡಗೆ ಮಾಡ್ತಾರೆ. ಆಗ ಪಿನ್ ಸಣ್ಣದಾಗುತ್ತದೆ. 50.00 ಮಿ.ಮೀ. ಇದ್ದದ್ದು 49.75 ಆಯಿತು ಅಂತ ಇಟ್ಟುಕೊಳ್ಳಿ. ಕಡಿಮೆ ಆದದ್ದು ಎಷ್ಟು? ಕಳೆದು ನೋಡಿ. 0.25. ಅಂಗಡಿಯಲ್ಲಿ 0.25 ಅಂತ ಬರೆದಿರುವ ಬೇರಿಂಗನ್ನೇ ಕೇಳಬೇಕು.

0.50 ಬರೆದದ್ದು ತಂದರೆ? ಬಿಗಿಯಾಗುತ್ತದೆ. ಆಯಿಲ್ ನಿಲ್ಲಲು ಜಾಗ ಇರುವುದಿಲ್ಲ. ಬಿಸಿಯಾಗಿ ಇಂಜಿನ್ ಹಿಡಿದುಕೊಳ್ಳುತ್ತದೆ. ಹಳೆ ಅಳತೆಯದ್ದೇ ಹಾಕಿದರೆ? ಸಡಿಲವಾಗಿ ಬಡಿಯುತ್ತದೆ. ಎರಡರಲ್ಲೂ ಶಾಫ್ಟ್ ಹಾಳು. ಪೈರಿಗೆ ನೀರಿಲ್ಲ. ಕೊಟ್ಟ ದುಡ್ಡೂ ಹೋಯಿತು. ಕೂದಲೆಳೆಯ ಲೆಕ್ಕದಲ್ಲಿ ಇಷ್ಟೆಲ್ಲ ಇದೆ.

ಆದ್ದರಿಂದ ವರ್ಕ್‌ಶಾಪಿನಲ್ಲಿ ಅಳತೆಯನ್ನು ಚೀಟಿಯಲ್ಲಿ ಬರೆಸಿಕೊಳ್ಳೋಣ. ಚುಕ್ಕಿ ಎಲ್ಲಿದೆ ನೋಡೋಣ. ಬೇರಿಂಗ್ ಮೇಲಿನ ಅಂಕಿಯನ್ನು ಚೀಟಿಯ ಜೊತೆ ಹೋಲಿಸೋಣ. ಆಮೇಲೆ ದುಡ್ಡು ಕೊಡೋಣ.

ಇನ್ನೊಂದು ಮಾತು. ಓಡುವ ಲೇತ್ ಹತ್ತಿರ ಸೆರಗು, ಟವೆಲ್ಲು ಜೋತಾಡಬಾರದು. ಸುತ್ತಿಕೊಂಡರೆ ಜೀವಕ್ಕೇ ಅಪಾಯ.

ಇವತ್ತು ಎಲ್ಲರೂ ಸ್ಲೇಟಿನ ಮೇಲೆ ಬರೆಯೋಣ: 50.00, 49.75, 49.50. ಒಂದೊಂದನ್ನೂ ಗಟ್ಟಿಯಾಗಿ ಓದೋಣ.