ಸತ್ತ ನಕ್ಷತ್ರದ ನಾಡಿ



ಸುವರ್ಣ ಮಹೋತ್ಸವದಲ್ಲಿ ವಿಜ್ಞಾನದ ಬಗ್ಗೆ ನಾಲ್ಕು ಮಾತಾಡಬೇಕೆಂದಿರಿ. ಸತ್ತ ನಕ್ಷತ್ರವೊಂದರ ಕಥೆ ಹೇಳುತ್ತೇನೆ.

1054ರಲ್ಲಿ ವೃಷಭ ರಾಶಿಯ ಕೋಡಿನ ತುದಿಯ ಬಳಿ ಹೊಸ ನಕ್ಷತ್ರವೊಂದು ಹಾಡುಹಗಲಲ್ಲೇ ಕಂಡಿತೆಂದು ಚೀನಾದವರು ಬರೆದಿಟ್ಟಿದ್ದಾರೆ. ಅದು ದೊಡ್ಡ ನಕ್ಷತ್ರವೊಂದು ಸಿಡಿದ ಬೆಳಕು. ಚದುರಿದ ಅವಶೇಷಕ್ಕೆ ಇಂದು ಏಡಿ ನೀಹಾರಿಕೆ ಎಂದು ಹೆಸರು. ನಡುವೆ ಉಳಿದದ್ದು ನ್ಯೂಟ್ರಾನ್ ನಕ್ಷತ್ರ. ಅದರ ಅಡ್ಡಳತೆ ಸುಮಾರು 20 ಕಿಲೋಮೀಟರ್, ಹೆಚ್ಚುಕಡಿಮೆ ಬಂಟ್ವಾಳದಿಂದ ಮೂಡುಬಿದಿರೆಗೆ ಹಕ್ಕಿ ಹಾರುವಷ್ಟು ದೂರ. ತೂಕ ಮಾತ್ರ ಸೂರ್ಯನಿಗಿಂತ ಹೆಚ್ಚು. ಸೆಕೆಂಡಿಗೆ ಸುಮಾರು 30 ಸುತ್ತು ತಿರುಗುತ್ತದೆ. ಪ್ರತಿ ಸುತ್ತಿಗೂ ಅದರ ಬೆಳಕು ನಾಡಿಯಂತೆ ಮಿಡಿಯುತ್ತದೆ.

ಇಂಥವನ್ನು ಅರಿಯಲು ಎಕ್ಸ್-ರೇ ಬೇಕು. ಕುಲುಮೆಯಲ್ಲಿ ಕಬ್ಬಿಣ ಮೊದಲು ಕೆಂಪಾಗುತ್ತದೆ, ಇನ್ನೂ ಕಾದರೆ ಬೆಳ್ಳಗಾಗುತ್ತದೆ. ಹತ್ತಾರು ಲಕ್ಷ ಡಿಗ್ರಿ ಕಾದ ವಸ್ತು ಎಕ್ಸ್-ರೇ ಸೂಸುತ್ತದೆ. ಏಡಿಯಲ್ಲಿ ಕಾಂತಕ್ಷೇತ್ರಕ್ಕೆ ಸಿಕ್ಕಿದ ಎಲೆಕ್ಟ್ರಾನುಗಳೂ ಅದನ್ನು ಹೊಮ್ಮಿಸುತ್ತವೆ. ನಮ್ಮ ವಾತಾವರಣ ಈ ಕಿರಣಗಳನ್ನು ತಡೆಯುವುದರಿಂದ ಉಪಕರಣಗಳು ಬಾನಿಗೇ ಹೋಗಬೇಕು. ಕ್ಯಾಸಿಯೋಪಿಯಾ-ಎ ಎಂಬ ಇನ್ನೊಂದು ಅವಶೇಷದ ನಡುವಿನ ಚುಕ್ಕಿ ಸಿಕ್ಕಿದ್ದು 1999ರಲ್ಲಿ, ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರಿನ 'ಚಂದ್ರ' ದೂರದರ್ಶಕದ ಕಣ್ಣಿಗೆ.

ಈ ಕೆಲಸದಲ್ಲಿ ನಮ್ಮವರ ಪಾಲೂ ಇದೆ. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ತಯಾರಾದ ಆರ್ಯಭಟ 1975ರ ಏಪ್ರಿಲ್ 19ರಂದು ಹಾರಿತು. ಅದರಲ್ಲಿ ಎಕ್ಸ್-ರೇ ಉಪಕರಣವಿತ್ತು. ವಿದ್ಯುತ್ ತೊಂದರೆಯಿಂದ ಪ್ರಯೋಗ ಕೆಲವೇ ದಿನಗಳಲ್ಲಿ ನಿಂತಿತು. 40 ವರ್ಷಗಳ ಬಳಿಕ, 2015ರಲ್ಲಿ, ಆಸ್ಟ್ರೋಸ್ಯಾಟ್ ಹೋಯಿತು. ಅದು ಏಡಿಯನ್ನು ಮತ್ತೆ ಮತ್ತೆ ನೋಡಿತು. ಎರಡು ಮಿಡಿತಗಳ ನಡುವಿನ ಬಿಡುವಿನಲ್ಲೂ ಎಕ್ಸ್-ರೇಗಳ ಧ್ರುವೀಕರಣ, ಅಂದರೆ ಅವುಗಳ ಕಂಪನದ ಜೋಡಣೆ, ಬದಲಾಗುತ್ತದೆಂದು 2017ರಲ್ಲಿ ನಮ್ಮ ವಿಜ್ಞಾನಿಗಳು ಪ್ರಕಟಿಸಿದರು. ಹಳೆಯ ಸಿದ್ಧಾಂತಗಳಿಗೆ ಇದು ಸವಾಲಾಯಿತು. 2024ರ ಜನವರಿ 1ರಂದು ಹಾರಿದ ಎಕ್ಸ್‌ಪೋಸ್ಯಾಟ್‌ನಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಉಪಕರಣ ಇದೇ ಧ್ರುವೀಕರಣವನ್ನು ಅಳೆಯಲೆಂದೇ ಹೋಗಿದೆ.

ನಿಂತ ಪ್ರಯೋಗವನ್ನು ಮುಂದಿನ ತಲೆಮಾರು ಎತ್ತಿಕೊಂಡಿತು. ಶಾಲೆಯ ಕೆಲಸವೂ ಹಾಗೆಯೇ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸರಕಾರಿ ಶಾಲೆಗಳಲ್ಲಿ ಕನ್ನಡದಲ್ಲಿ ಓದುವ ಮಗುವಿಗೂ ಈ ದಾರಿ ತೆರೆದಿರಬೇಕು. ಹಳೆ ವಿದ್ಯಾರ್ಥಿಗಳಲ್ಲಿ ನನ್ನದೊಂದೇ ಬೇಡಿಕೆ: ಉತ್ಸವದ ಖರ್ಚು ಕಳೆದು ಉಳಿದದ್ದರಲ್ಲಿ ಪ್ರಯೋಗಾಲಯಕ್ಕೊಂದು ಸಣ್ಣ ದೂರದರ್ಶಕ ಕೊಡಿಸಿ. ಮಳೆಗಾಲ ಕಳೆದು ಆಕಾಶ ತಿಳಿಯಾದಾಗ, ದೀಪವಿಲ್ಲದ ಗುಡ್ಡೆಯ ಮೇಲಿಂದ, ಏಡಿ ನೀಹಾರಿಕೆ ಅದರಲ್ಲಿ ಮಸುಕು ಮಚ್ಚೆಯಂತೆ ಕಂಡೀತು. ಎಕ್ಸ್-ರೇ ಕಾಣದು. ಅದನ್ನು ಕಾಣುವ ಆಸೆ ಒಂದು ಮಗುವಿಗೆ ಹುಟ್ಟಿದರೂ ಸಾಕು.